ಒಂದೇ ಹರಳಿನೊಳಗೆ ಎರಡು ಭಂಗಿ

ನಮ್ಮ ಕರುಳಿನಲ್ಲಿ ವಾಸಿಸುವ ಎಶೆರಿಕಿಯಾ ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ಪೋಷಕಾಂಶ ತುಂಬಿದ ಬೆಚ್ಚಗಿನ ರಸದಲ್ಲಿ ಬಿಟ್ಟರೆ ಅದು ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತಾ ಬೆಳೆಯುತ್ತದೆ. ಪಠ್ಯಪುಸ್ತಕಗಳು ಹೆಚ್ಚಾಗಿ ಹೇಳುವುದು ಈ ಸುಭಿಕ್ಷದ ಕಥೆಯನ್ನೇ. ಪ್ರಯೋಗಾಲಯದ ಹೊರಗೆ, ಮಣ್ಣಿನ ಕಣಗಳ ನಡುವೆ, ಕೆರೆಯ ನೀರಿನಲ್ಲಿ, ರೋಗಿಯ ಶ್ವಾಸಕೋಶದ ಗಂಟಿನೊಳಗೆ, ಬ್ಯಾಕ್ಟೀರಿಯಾಗಳಿಗೆ ಅಂಥ ಊಟ ಸಿಗುವುದು ಅಪರೂಪ. ಅವುಗಳ ಬಾಳಿನ ಬಹುಪಾಲು ಅರೆಹೊಟ್ಟೆಯಲ್ಲಿ ಕಳೆಯುತ್ತದೆ. ಹಸಿವನ್ನು ಗುರುತಿಸಿ, ಖರ್ಚನ್ನು ತಗ್ಗಿಸಿ, ಆಹಾರ ಸಿಕ್ಕ ಕೂಡಲೆ ಮತ್ತೆ ಬೆಳವಣಿಗೆಗೆ ತೊಡಗುವ ಏರ್ಪಾಡು ಇಲ್ಲದ ಜೀವಿ ಅಲ್ಲಿ ಉಳಿಯಲಾರದು. ಈ ಏರ್ಪಾಡನ್ನು ನಡೆಸುವ ಒಂದು ಕಿಣ್ವದ ಸ್ಫಟಿಕ ರಚನೆ 2004ರಲ್ಲಿ ಪ್ರಕಟವಾಯಿತು. ಆ ರಚನೆಯ ಬಗ್ಗೆ ಇಂದು ನನ್ನ ವಾದವೊಂದಿದೆ. ಪರಸ್ಪರ ವಿರುದ್ಧವಾದ ಎರಡು ಕೆಲಸಗಳನ್ನು ಒಂದೇ ಕಿಣ್ವ ಹೇಗೆ ಒಟ್ಟಿಗೆ ಹೊತ್ತುಕೊಂಡಿದೆ ಎಂಬ ಪ್ರಶ್ನೆಗೆ ಉತ್ತರ ಆ ಕಿಣ್ವದ ಆಕಾರದಲ್ಲಿಯೇ ಇದೆ. ಅಲುಗಾಡದ ಹರಳೊಂದು ಆ ಉತ್ತರವನ್ನು ನಂಬುವಂತೆ ತೋರಿಸಿಕೊಟ್ಟಿದೆ.

ಮೊದಲು ಹಸಿವಿನ ಲೆಕ್ಕಾಚಾರ ನೋಡೋಣ. ವೇಗವಾಗಿ ಬೆಳೆಯುವ ಒಂದು ಕೋಲೈ ಕೋಶದಲ್ಲಿ 50,000ಕ್ಕೂ ಹೆಚ್ಚು ರೈಬೋಸೋಮ್‌ಗಳಿರುತ್ತವೆ. ಪ್ರೋಟೀನು ಕಟ್ಟುವ ಈ ಯಂತ್ರಗಳನ್ನು ತಯಾರಿಸುವುದೇ ಕೋಶದ ಅತಿ ದೊಡ್ಡ ಖರ್ಚು. ಅಮೈನೋ ಆಮ್ಲಗಳು ಮುಗಿದುಹೋದಾಗ ಹೊಸ ರೈಬೋಸೋಮ್ ಕಟ್ಟುತ್ತಾ ಕೂತರೆ ಇರುವ ಶಕ್ತಿಯೂ ಬರಿದಾಗುತ್ತದೆ. ಆದ್ದರಿಂದ ಹಸಿವು ತಟ್ಟಿದ ಕೆಲವೇ ಕ್ಷಣಗಳಲ್ಲಿ ಕೋಶ ರೈಬೋಸೋಮ್‌ನ ಆರ್‌ಎನ್‌ಎ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಕೆಲವು ರೂಪಾಂತರಿತ ತಳಿಗಳಲ್ಲಿ ಈ ಬಿಗಿ ಇಲ್ಲ. ಅವು ಹಸಿದಾಗಲೂ ಆರ್‌ಎನ್‌ಎ ತಯಾರಿಸುತ್ತಲೇ ಹೋಗುತ್ತವೆ. ಈ ಬಿಗಿಗೆ ಕಾರಣವಾದ ಜೀನಿನ ನೆಲೆಯನ್ನು ಗುಂಟರ್ ಸ್ಟೆಂಟ್ ಮತ್ತು ಸಿಡ್ನಿ ಬ್ರೆನ್ನರ್ 1961ರಲ್ಲಿ ಗುರುತಿಸಿದರು. ಎಂಟು ವರ್ಷಗಳ ನಂತರ, 1969ರಲ್ಲಿ, ಮೈಕೇಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ವಿಕಿರಣಶೀಲ ರಂಜಕ ಉಣಿಸಿದ ಬ್ಯಾಕ್ಟೀರಿಯಾಗಳ ಸಾರವನ್ನು ಬೇರ್ಪಡಿಸಿ ನೋಡಿದಾಗ ಹಸಿದ ಕೋಶಗಳಲ್ಲಿ ಮಾತ್ರ ಎರಡು ಹೊಸ ಚುಕ್ಕೆಗಳು ಕಂಡವು. ಎಲ್ಲಿಂದ ಬಂದವೆಂದು ತಿಳಿಯದ ಅವುಗಳನ್ನು ಪ್ರಯೋಗಾಲಯದವರು ಮಾಯಾ ಚುಕ್ಕೆಗಳೆಂದು ಕರೆದರು. ಅವು ಗ್ವಾನೊಸಿನ್‌ನ ಟೆಟ್ರಾಫಾಸ್ಫೇಟ್ ಮತ್ತು ಪೆಂಟಾಫಾಸ್ಫೇಟ್ ಅಣುಗಳೆಂದು ಆಮೇಲೆ ಖಚಿತವಾಯಿತು. ಅವುಗಳಲ್ಲಿ ಮೊದಲನೆಯದನ್ನು ವಿಜ್ಞಾನಿಗಳು ಪಿಪಿಜಿಪಿಪಿ ಎಂದು ಚಿಕ್ಕದಾಗಿ ಕರೆಯುತ್ತಾರೆ. ಕೋಶದ ಮಟ್ಟಿಗೆ ಹಸಿವಿನ ಸುದ್ದಿ ಎಂದರೆ ಇದೇ.

ಈ ಸುದ್ದಿಯನ್ನು ಹುಟ್ಟಿಸುವುದೂ ಅಳಿಸುವುದೂ ಎರಡೂ ಅಗತ್ಯ. ಕೋಲೈಯಲ್ಲಿ ಈ ಅಣುವನ್ನು ಪೂರ್ತಿ ಇಲ್ಲವಾಗಿಸಿದರೆ, ಅಮೈನೋ ಆಮ್ಲಗಳನ್ನು ಹೊರಗಿನಿಂದ ಕೊಡದ ಹೊರತು ಅದು ಬೆಳೆಯಲಾರದು. ಅಣುವನ್ನು ಕಡಿಯುವ ಜೀನನ್ನು ಮಾತ್ರ ತೆಗೆದು ಕಟ್ಟುವ ಜೀನನ್ನು ಹಾಗೇ ಬಿಟ್ಟರೆ ಅಣು ಮಿತಿಮೀರಿ ಶೇಖರವಾಗಿ, ಸುತ್ತ ಆಹಾರವಿದ್ದರೂ ಕೋಶ ಬೆಳವಣಿಗೆ ನಿಲ್ಲಿಸಿ ಸಾಯುತ್ತದೆ. ಕೋಲೈ ಈ ಎರಡು ಕೆಲಸಗಳನ್ನು ಬಹುಮಟ್ಟಿಗೆ ಇಬ್ಬರಿಗೆ ಹಂಚಿದೆ. ರೆಲ್-ಎ ಎಂಬ ಕಿಣ್ವ ಕಟ್ಟುತ್ತದೆ, ಸ್ಪಾಟ್-ಟಿ ಎಂಬುದು ಮುಖ್ಯವಾಗಿ ಕಡಿಯುತ್ತದೆ. ಆದರೆ ಕ್ಷಯದ ಬ್ಯಾಕ್ಟೀರಿಯಾವೂ ಸೇರಿ ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಅಂಥ ಹಂಚಿಕೆ ಇಲ್ಲ. ಅಲ್ಲಿ ರೆಲ್ ಎಂಬ ಒಂದೇ ಪ್ರೋಟೀನು ಎರಡನ್ನೂ ಮಾಡುತ್ತದೆ. ಅದರ ಒಂದು ತಾಣ ಎಟಿಪಿಯಿಂದ ಎರಡು ಫಾಸ್ಫೇಟ್‌ಗಳನ್ನು ಕಿತ್ತು ಜಿಡಿಪಿ ಅಥವಾ ಜಿಟಿಪಿಗೆ ಜೋಡಿಸಿ ಸಂಕೇತವನ್ನು ಕಟ್ಟುತ್ತದೆ. ಇನ್ನೊಂದು ತಾಣ ನೀರಿನ ನೆರವಿನಿಂದ ಅದೇ ಜೋಡಣೆಯನ್ನು ಕಡಿಯುತ್ತದೆ. ಎರಡೂ ತಾಣಗಳು ಒಟ್ಟಿಗೆ ಕೆಲಸ ಮಾಡಿದರೆ ಏನಾಗುತ್ತದೆ? ತೊಟ್ಟಿಗೆ ನೀರು ಬಿಡುತ್ತಾ ತಳದ ಬಿರಡೆಯನ್ನೂ ತೆರೆದಿಟ್ಟಂತೆ. ಸಂಕೇತದ ಮಟ್ಟ ಏರುವುದಿಲ್ಲ, ಪ್ರತಿ ಸುತ್ತಿಗೂ ಒಂದೊಂದು ಎಟಿಪಿ ವ್ಯರ್ಥವಾಗುತ್ತದೆ, ಅದೂ ಕೋಶದಲ್ಲಿ ಶಕ್ತಿಗೆ ಬರ ಬಂದಿರುವ ಹೊತ್ತಿನಲ್ಲಿ. ಆದ್ದರಿಂದ ಒಂದು ತಾಣ ತೆರೆದಾಗ ಇನ್ನೊಂದು ಮುಚ್ಚಿರಲೇಬೇಕು. ಈ ಮಾತನ್ನು ತರ್ಕದಿಂದಲೇ ಹೇಳಬಹುದಿತ್ತು. ಅದು ನಡೆಯುವ ಬಗೆಯನ್ನು ತೋರಿಸಲು ಅಣುವಿನ ಆಕಾರವನ್ನೇ ಕಾಣಬೇಕಾಗಿತ್ತು.

ಕಂಡದ್ದು ಸ್ಟ್ರೆಪ್ಟೊಕಾಕಸ್ ಡಿಸ್‌ಗಲಾಕ್ಟಿಯೆಯ ಈಕ್ವಿಸಿಮಿಲಿಸ್ ಎಂಬ ಉಪಜಾತಿಯ ರೆಲ್ ಕಿಣ್ವದಲ್ಲಿ. ಈ ಬ್ಯಾಕ್ಟೀರಿಯಾ ಪ್ರಾಣಿಗಳಿಗೂ ಮನುಷ್ಯರಿಗೂ ಸೋಂಕು ತರುತ್ತದೆ. ಹೃದಯಾಘಾತವಾದಾಗ ರಕ್ತದ ಹೆಪ್ಪನ್ನು ಕರಗಿಸಲು ಕೊಡುವ ಸ್ಟ್ರೆಪ್ಟೊಕೈನೇಸ್ ಔಷಧದ ಮೂಲವೂ ಇದೇ. ಜರ್ಮನಿಯ ಲ್ಯೂಬೆಕ್‌ನ ರಾಲ್ಫ್ ಹಿಲ್ಗೆನ್‌ಫೆಲ್ಡ್ ಅವರ ಸ್ಫಟಿಕಶಾಸ್ತ್ರಜ್ಞರ ಗುಂಪು ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿದ್ದ ಮೈಕೇಲ್ ಕ್ಯಾಶೆಲ್ ಅವರ ಗುಂಪು ಸೇರಿ ಈ ಕೆಲಸ ಮಾಡಿದವು. ಲೇಖನದ ಮೊದಲ ಹೆಸರು ಟ್ಯಾನಿಸ್ ಹಾಗ್ ಅವರದು. 1969ರಲ್ಲಿ ಚುಕ್ಕೆಗಳನ್ನು ಕಂಡ ಕ್ಯಾಶೆಲ್, 35 ವರ್ಷಗಳ ಮೇಲೆ ಆ ಚುಕ್ಕೆಯನ್ನು ತಯಾರಿಸುವ ಕಿಣ್ವದ ಆಕಾರವನ್ನೂ ಕಂಡರು. ಒಂದೇ ಪ್ರಶ್ನೆಯ ಹಿಂದೆ ಅಷ್ಟು ಕಾಲ ನಿಲ್ಲುವ ತಾಳ್ಮೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಹರಳಿನಿಂದ ಆಕಾರ ತಿಳಿಯುವ ವಿಧಾನವನ್ನು ಚುಟುಕಾಗಿ ಹೇಳುತ್ತೇನೆ. ಶುದ್ಧಗೊಳಿಸಿದ ಪ್ರೋಟೀನಿನ ದ್ರಾವಣ ನಿಧಾನವಾಗಿ ಸಾಂದ್ರವಾಗುತ್ತಾ ಹೋದಂತೆ ಅಣುಗಳು ಸಾಲುಸಾಲಾಗಿ ಒತ್ತೊತ್ತಾಗಿ ಕೂತು ಹರಳಾಗುತ್ತವೆ. ಅದರ ಮೇಲೆ ಕ್ಷ-ಕಿರಣ ಬಿಟ್ಟರೆ ಕಿರಣಗಳು ನಿರ್ದಿಷ್ಟ ದಿಕ್ಕುಗಳಿಗೆ ಚದುರುತ್ತವೆ. ಆ ಚದುರುವಿಕೆಯನ್ನು ಅಳೆದು, ಗಣಿತದ ಮೂಲಕ ಹಿಂದಕ್ಕೆ ಹೋಗಿ, ಎಲೆಕ್ಟ್ರಾನುಗಳು ಎಲ್ಲಿ ದಟ್ಟವಾಗಿವೆ ಎಂಬ ನಕ್ಷೆ ಬಿಡಿಸಬಹುದು. ರೆಲ್ ರಚನೆಯ ಸ್ಪಷ್ಟತೆ 2.1 ಆಂಗ್‌ಸ್ಟ್ರಾಮ್. ಎರಡು ಇಂಗಾಲದ ಪರಮಾಣುಗಳ ನಡುವಿನ ಬಂಧದ ಉದ್ದ ಸುಮಾರು 1.5 ಆಂಗ್‌ಸ್ಟ್ರಾಮ್ ಎಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ. ಒಂದೊಂದು ಪರಮಾಣುವೂ ಬೇರೆಬೇರೆಯಾಗಿ ಕಾಣದಿದ್ದರೂ ಅಮೈನೋ ಆಮ್ಲಗಳ ಪಕ್ಕದ ಸರಪಳಿಗಳು ಯಾವ ಕಡೆ ತಿರುಗಿವೆ, ಯಾವ ಪೊಟರೆಯಲ್ಲಿ ಯಾವ ಸಣ್ಣ ಅಣು ಕೂತಿದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ನಕ್ಷೆಯಲ್ಲಿ ಕಂಡದ್ದು ಹೀಗಿತ್ತು. ಕಿಣ್ವದ ಮೊದಲ ಭಾಗ ಸುರುಳಿಗಳಿಂದಲೇ ಆದದ್ದು. ಅದರ ನಡುವೆ ಒಂದು ಮ್ಯಾಂಗನೀಸ್ ಅಯಾನನ್ನು ಹಿಡಿದುಕೊಂಡ ಕಡಿಯುವ ತಾಣವಿದೆ. ಮುಂದಿನ ಭಾಗದಲ್ಲಿ ಕಟ್ಟುವ ತಾಣ. ಅದರ ವಿನ್ಯಾಸಕ್ಕೂ ಡಿಎನ್‌ಎ ಕಟ್ಟುವ ಒಂದು ಬಗೆಯ ಪಾಲಿಮರೇಸ್‌ನ ತಿರುಳಿಗೂ ಹೋಲಿಕೆಯಿದೆ. ಎರಡನ್ನೂ ಮೂರು ಸುರುಳಿಗಳ ಒಂದು ಕಂತೆ ಬೆಸೆದಿದೆ. ಎರಡು ತಾಣಗಳ ನಡುವಿನ ದೂರ 30 ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು. ಒಂದು ತಾಣದಲ್ಲಿ ಕೂತ ಅಣು ಇನ್ನೊಂದನ್ನು ನೇರವಾಗಿ ಮುಟ್ಟಿ ತಡೆಯಲು ಸಾಧ್ಯವೇ ಇಲ್ಲದಷ್ಟು ದೂರ ಅದು. ಇಷ್ಟಾದ ಮೇಲೆ ಮುಖ್ಯ ಸಂಗತಿ ಬರುತ್ತದೆ. ಹರಳಿನಲ್ಲಿ ಮತ್ತೆಮತ್ತೆ ಬರುವ ಮೂಲ ಘಟಕದೊಳಗೆ ಈ ಕಿಣ್ವದ ಎರಡು ಪ್ರತಿಗಳಿದ್ದವು, ಮತ್ತು ಆ ಎರಡರ ಭಂಗಿ ಒಂದೇ ಆಗಿರಲಿಲ್ಲ. ಒಂದು ಪ್ರತಿಯಲ್ಲಿ ಕಟ್ಟುವ ತಾಣ ಜಿಡಿಪಿಯನ್ನು ಹಿಡಿದು ಕೆಲಸಕ್ಕೆ ಸಜ್ಜಾಗಿತ್ತು, ಕಡಿಯುವ ತಾಣ ಕೆಲಸ ಮಾಡಲಾರದಂತೆ ತಿರುಗಿಕೊಂಡಿತ್ತು. ಇನ್ನೊಂದರಲ್ಲಿ ಕಡಿಯುವ ತಾಣ ಪಿಪಿಜಿಪಿಪಿಯ ಹತ್ತಿರದ ಬಂಧುವಾದ ಒಂದು ಅಣುವನ್ನು ಹಿಡಿದು ಸಜ್ಜಾಗಿತ್ತು, ಕಟ್ಟುವ ತಾಣ ಬಂದ್ ಆಗಿತ್ತು. ಎರಡೂ ತೆರೆದಿರುವ ಪ್ರತಿ ಇರಲಿಲ್ಲ. ತರ್ಕ ಬೇಡಿದ್ದನ್ನೇ ಹರಳು ತೋರಿಸಿತು. ಅಷ್ಟೇ ಅಲ್ಲ, ಒಂದು ತಾಣದಲ್ಲಿ ಅಣು ಬಂದು ಕೂತ ಸುದ್ದಿ ನಡುವಿನ ಕಂತೆಯ ಚಲನೆಯ ಮೂಲಕ ಇನ್ನೊಂದು ತಾಣಕ್ಕೆ ತಲುಪುತ್ತದೆ ಎಂಬ ಸೂಚನೆಯನ್ನೂ ಕೊಟ್ಟಿತು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಹರಳಿನಲ್ಲಿ ಅಣುಗಳು ಒಂದನ್ನೊಂದು ಒತ್ತುತ್ತಿರುತ್ತವೆ. ಎರಡು ಪ್ರತಿಗಳಿಗೆ ಅಕ್ಕಪಕ್ಕದ ಒತ್ತಡ ಬೇರೆಬೇರೆಯಾಗಿದ್ದರೆ ಅವುಗಳ ಭಂಗಿಯೂ ಬೇರೆಯಾಗಬಹುದು. ಹಾಗಾದರೆ ಕಂಡ ವ್ಯತ್ಯಾಸ ಕಿಣ್ವದ ಸ್ವಭಾವದ್ದೋ, ಹರಳಿನ ಇಕ್ಕಟ್ಟಿನದೋ? ಕೋಶದೊಳಗೆ ತೇಲಾಡುತ್ತಿರುವ ಪ್ರೋಟೀನಿನ ಬಗ್ಗೆ ಹರಳಿನಲ್ಲಿ ಸೆರೆಯಾದ ಪ್ರೋಟೀನು ಸಾಕ್ಷಿ ಹೇಳಬಲ್ಲದೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಪ್ರೋಟೀನಿನ ಹರಳು ಉಪ್ಪಿನ ಹರಳಿನಂತೆ ಗಟ್ಟಿಯಾದದ್ದಲ್ಲ ಎಂಬುದನ್ನು ಮೊದಲು ನೆನೆಯಬೇಕು. ಅದರ ಗಾತ್ರದಲ್ಲಿ ಸುಮಾರು ಅರ್ಧದಷ್ಟು ದ್ರಾವಣವೇ ಇರುತ್ತದೆ, ಸಣ್ಣ ಅಣುಗಳು ಒಳಗೆ ಓಡಾಡಬಲ್ಲವು. ಕೆಲವು ಕಿಣ್ವಗಳು ಹರಳಿನೊಳಗೂ ಕೆಲಸ ಮಾಡುತ್ತವೆ. 1938ರಲ್ಲಿ ಪ್ರಾಗ್ ನಗರದಲ್ಲಿ ಫೀಲಿಕ್ಸ್ ಹೌರೊವಿಟ್ಜ್ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಹರಳುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ, ಗಾಳಿ ಸೋಕಿದ ಅಂಚಿನಲ್ಲಿ ಆರುಮೂಲೆಯ ಬಿಲ್ಲೆಗಳು ಕರಗಿ ಸೂಜಿಯಂಥ ಬೇರೆ ಹರಳುಗಳು ಮೂಡಿದ್ದನ್ನು ಕಂಡರು. ಆಮ್ಲಜನಕ ಹಿಡಿದಾಗ ಹಿಮೋಗ್ಲೋಬಿನ್ ತನ್ನ ಆಕಾರ ಬದಲಿಸುತ್ತದೆ ಎಂಬ ದೊಡ್ಡ ಸತ್ಯದ ಮೊದಲ ಸುಳಿವು ಸಿಕ್ಕಿದ್ದು ಹರಳಿನಿಂದಲೇ. ಹೀಗಾಗಿ ಹರಳು ಚಲನೆಯ ಬಗ್ಗೆ ಏನೂ ಹೇಳಲಾರದು ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಅದು ಸಾಮಾನ್ಯ ಸಮಾಧಾನ. ರೆಲ್ ವಿಷಯದಲ್ಲಿ ಬೇಕಾದದ್ದು ಸ್ವತಂತ್ರ ಸಾಕ್ಷ್ಯ, ಮತ್ತು ಅದು ಎರಡು ಕಡೆಯಿಂದ ಬಂತು. ಒಂದನೆಯದು ರೂಪಾಂತರಗಳಿಂದ. ಹರಳಿನ ನಕ್ಷೆಯಲ್ಲಿ ಮುಖ್ಯವೆಂದು ತೋರಿದ ಅಮೈನೋ ಆಮ್ಲಗಳನ್ನು ಬದಲಿಸಿ ದ್ರಾವಣದಲ್ಲಿ ಕಿಣ್ವದ ಚಟುವಟಿಕೆಯನ್ನು ಅಳೆದಾಗ ಸಿಕ್ಕ ಫಲಿತಾಂಶಗಳು ಈ ಪರಸ್ಪರ ತಡೆಯನ್ನು ಬೆಂಬಲಿಸಿದವು. ಅವು ಅದೇ 2004ರ ಲೇಖನದಲ್ಲಿವೆ. ಎರಡನೆಯದು ಹದಿನಾರು ವರ್ಷಗಳ ನಂತರ ಬಂತು, ನನ್ನ ಮಟ್ಟಿಗೆ ಅದೇ ನಿರ್ಣಾಯಕ. 2020ರಲ್ಲಿ ಥರ್ಮಸ್ ಥರ್ಮೊಫಿಲಸ್ ಎಂಬ, ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾದ ರೆಲ್ ಕಿಣ್ವದ ರಚನೆಗಳು ಪ್ರಕಟವಾದವು. ಜಾತಿ ಬೇರೆ, ಹರಳು ಬೇರೆ, ಸಂಶೋಧಕರು ಬೇರೆ; ಜೊತೆಗೆ ದ್ರಾವಣದಲ್ಲಿ ಮಾಡಿದ ಅಳತೆಗಳೂ ಇದ್ದವು. ಜಿಡಿಪಿ ಮತ್ತು ಎಟಿಪಿ ಬಂದು ಕೂತಾಗ ಎರಡು ಭಾಗಗಳು ದೂರ ಸರಿದು ಕಿಣ್ವ ಬಿಚ್ಚಿಕೊಳ್ಳುತ್ತದೆ, ಕಟ್ಟುವ ತಾಣ ಚುರುಕಾಗುತ್ತದೆ, ಕಡಿಯುವುದು ನಿಲ್ಲುತ್ತದೆ. ಪಿಪಿಜಿಪಿಪಿ ಬಂದು ಕಡಿಯುವ ತಾಣದಲ್ಲಿ ಕೂತಾಗ ಕಿಣ್ವ ಮಡಚಿಕೊಂಡು ಕಟ್ಟುವ ತಾಣವನ್ನು ಒಳಗೆ ಹೂತುಬಿಡುತ್ತದೆ. ಚಲನೆಯ ವಿಸ್ತಾರ ಮೊದಲ ಹರಳಿನಲ್ಲಿ ಕಂಡದ್ದಕ್ಕಿಂತ ದೊಡ್ಡದು. ಅಂದರೆ ಹರಳಿನ ಇಕ್ಕಟ್ಟು ಆ ಚಲನೆಯನ್ನು ಹುಟ್ಟಿಸಿರಲಿಲ್ಲ. ಅದರ ಅಳತೆಯನ್ನು ಕುಗ್ಗಿಸಿದ್ದಿರಬಹುದು ಎಂದು ನಾನು ತಿಳಿಯುತ್ತೇನೆ. ನಿಯಮ ಮಾತ್ರ ಅದೇ ಆಗಿತ್ತು.

ಇನ್ನೊಂದು ಆಕ್ಷೇಪ: 2004ರ ಹರಳಿನಲ್ಲಿ ಇದ್ದದ್ದು ಕಿಣ್ವದ ಅರ್ಧ ಮಾತ್ರ. ಪೂರ್ಣ ಪ್ರೋಟೀನಿನಲ್ಲಿ 739 ಅಮೈನೋ ಆಮ್ಲಗಳಿದ್ದರೆ ಹರಳಿಗೆ ಬಂದದ್ದು ಮೊದಲ 385. ಹಸಿವನ್ನು ಗುರುತಿಸುವ ಕೆಲಸದಲ್ಲಿ ಮುಖ್ಯವಾದದ್ದು ಬಿಟ್ಟುಹೋದ ಉಳಿದರ್ಧ. ಈ ಟೀಕೆಯನ್ನು ನಾನು ಒಪ್ಪುತ್ತೇನೆ, ಆದರೆ ಅದರಿಂದ ಹರಳಿನ ಸಾಕ್ಷ್ಯ ಕುಂದುತ್ತದೆ ಎಂದು ಒಪ್ಪುವುದಿಲ್ಲ. ಅಮೈನೋ ಆಮ್ಲ ಹೊರದೆ ಬರಿಗೈಯಲ್ಲಿ ಬಂದ ಟಿ-ಆರ್‌ಎನ್‌ಎ ರೈಬೋಸೋಮ್‌ಗೆ ಬಂದು ಕೂತಾಗ ಹಸಿವಿನ ಸಂಕೇತ ಹುಟ್ಟುತ್ತದೆ ಎಂಬುದು 1973ರಲ್ಲೇ ತಿಳಿದಿತ್ತು. 2016ರಲ್ಲಿ ಮೂರು ಸಂಶೋಧನಾ ಗುಂಪುಗಳು ಅತಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕೋಲೈಯ ರೆಲ್-ಎ ರೈಬೋಸೋಮ್ ಮೇಲೆ ಕೂತ ಭಂಗಿಯನ್ನು ಚಿತ್ರಿಸಿದವು. ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ, ರೈಬೋಸೋಮ್ ರಚನೆಗಾಗಿ 2009ರ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಅವರ ಗುಂಪು ಅವುಗಳಲ್ಲೊಂದು. ಅಲ್ಲಿ ಕಿಣ್ವದ ಉಳಿದರ್ಧ ಉದ್ದಕ್ಕೆ ಚಾಚಿಕೊಂಡು ಬರಿಗೈಯ ಟಿ-ಆರ್‌ಎನ್‌ಎಯನ್ನು ಸುತ್ತುವರಿದಿದೆ. ಹೀಗೆ ಕೆಲಸದ ವಿಂಗಡಣೆ ಸ್ಪಷ್ಟವಾಯಿತು. ಕಿಣ್ವದ ಎರಡನೆಯ ಅರ್ಧ ಹಸಿವನ್ನು ಮುಟ್ಟಿ ತಿಳಿಯುತ್ತದೆ. ಕಟ್ಟುವುದೋ ಕಡಿಯುವುದೋ ಎಂಬ ತಿರುವು ಮೊದಲ ಅರ್ಧದಲ್ಲಿದೆ. ತಿರುವಿನ ರಹಸ್ಯ ತಿಳಿಯಲು ತಿರುವಿರುವ ಭಾಗವನ್ನೇ ಬಿಡಿಸಿ ನೋಡಿದ್ದು ಸರಿಯಾದ ಕ್ರಮವೇ ಆಗಿತ್ತು.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತದಲ್ಲಿದ್ದಾರೆ. ಸಾಮಾನ್ಯ ಕ್ಷಯಕ್ಕೂ ತಿಂಗಳುಗಟ್ಟಲೆ ಔಷಧ ನುಂಗಬೇಕಾಗಿರುವುದಕ್ಕೆ ಒಂದು ಕಾರಣ, ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಉಳಿಯುವ ಬ್ಯಾಕ್ಟೀರಿಯಾಗಳು. ಬಹುಪಾಲು ಪ್ರತಿಜೈವಿಕಗಳು ಬೆಳೆಯುತ್ತಿರುವ ಕೋಶವನ್ನು ಚೆನ್ನಾಗಿ ಕೊಲ್ಲುತ್ತವೆ, ನಿಂತ ಕೋಶದ ಮುಂದೆ ಮಂದವಾಗುತ್ತವೆ. ರೆಲ್ ಜೀನು ಇಲ್ಲದ ಕ್ಷಯದ ಬ್ಯಾಕ್ಟೀರಿಯಾ ಇಲಿಗಳ ದೇಹದಲ್ಲಿ ದೀರ್ಘಕಾಲ ಉಳಿಯಲಾರದು ಎಂದು 2003ರ ಪ್ರಯೋಗ ತೋರಿಸಿತು. ರೆಲ್ ಕಿಣ್ವವನ್ನು ತಡೆದರೆ ಈ ಬ್ಯಾಕ್ಟೀರಿಯಾಗಳನ್ನು ಸುಲಭವಾಗಿ ಮಣಿಸಬಹುದೆಂಬ ಆಸೆ ಇದರಿಂದ ಹುಟ್ಟುತ್ತದೆ, ಆದರೆ ಎಚ್ಚರವೂ ಬೇಕು. ಪಿಪಿಜಿಪಿಪಿಗೂ ಔಷಧಕ್ಕೆ ಜಗ್ಗದ ಕೋಶಗಳಿಗೂ ನೇರ ಸರಪಳಿ ಕಟ್ಟಿದ್ದ, ಬಹಳ ಹೆಸರಾಗಿದ್ದ 2013ರ ಒಂದು ಲೇಖನವನ್ನು 2018ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಆ ಸರಪಳಿಯನ್ನು ಆಧಾರವಾಗಿಟ್ಟು ಇಂದು ಯಾರಾದರೂ ಭರವಸೆ ಕೊಟ್ಟರೆ ನಂಬಬಾರದು. ಇಲಿಗಳಲ್ಲಿ ಕಂಡ ಫಲಿತಾಂಶ ಬೇರೆ, ಅದು ಆ ಲೇಖನದ ಮೇಲೆ ನಿಂತಿಲ್ಲ.

ರೆಲ್ ಮೇಲೆ ಔಷಧ ಮಾಡುವುದಾದರೆ ಯಾವ ತಾಣಕ್ಕೆ ಗುರಿಯಿಡಬೇಕು? ಸ್ಫಟಿಕ ರಚನೆ ಇಲ್ಲದೆ ಈ ಪ್ರಶ್ನೆಯನ್ನು ಸರಿಯಾಗಿ ಕೇಳಲೂ ಆಗುತ್ತಿರಲಿಲ್ಲ. ಕಡಿಯುವ ತಾಣಕ್ಕೆ ಹೋಲುವ ಕಿಣ್ವವೊಂದು ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಇದೆ ಎಂದು 2010ರಲ್ಲಿ ಗೊತ್ತಾಯಿತು. ಅಲ್ಲಿ ಕೈಹಾಕುವ ಔಷಧ ನಮ್ಮ ದೇಹಕ್ಕೂ ತಗಲುವ ಭಯವಿದೆ. ಕಟ್ಟುವ ತಾಣಕ್ಕೆ ಅಂಥ ನಂಟು ನಮ್ಮಲ್ಲಿ ಕಂಡುಬಂದಿಲ್ಲ. 2012ರಲ್ಲಿ ಪಿಪಿಜಿಪಿಪಿಯ ಆಕಾರವನ್ನು ಅನುಕರಿಸಿ ರೆಲಾಸಿನ್ ಎಂಬ ಅಣುವನ್ನು ಮಾಡಿದರು. ಅದು ರೆಲ್ ಕಿಣ್ವವನ್ನು ತಡೆಯುತ್ತದೆ, ಆದರೆ ಬೇಕಾಗುವ ಪ್ರಮಾಣ ಔಷಧಕ್ಕೆ ಒಪ್ಪದಷ್ಟು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇನ್ನೂ ಒಳ್ಳೆಯ ದಾರಿ ಎರಡು ತಾಣಗಳ ನಡುವಿನ ಸಂಪರ್ಕದಲ್ಲಿದೆ. ಕಿಣ್ವವನ್ನು ಮಡಚಿದ ಭಂಗಿಯಲ್ಲೇ ಕಟ್ಟಿಹಾಕುವ ಅಣು ಸಿಕ್ಕರೆ ಬ್ಯಾಕ್ಟೀರಿಯಾಕ್ಕೆ ಹಸಿವಿನ ಸುದ್ದಿ ತಲುಪುವುದೇ ಇಲ್ಲ. ಬಿಚ್ಚಿದ ಭಂಗಿಯಲ್ಲೇ ಕಟ್ಟಿಹಾಕಿದರೆ ಬೆಳವಣಿಗೆ ನಿಲ್ಲುತ್ತದೆ ನಿಜ, ಆದರೆ ಕ್ಷಯದಲ್ಲಿ ನಾವು ಹೆದರುವುದು ಬೆಳವಣಿಗೆ ನಿಲ್ಲಿಸಿದ ಕೋಶಕ್ಕೇ ಆದ್ದರಿಂದ, ಮೊದಲ ದಾರಿಯೇ ಮೇಲು.

ಈ ವಿಷಯಕ್ಕೂ ಬೆಂಗಳೂರಿಗೂ ಇರುವ ಸಂಬಂಧವನ್ನು ಹೇಳದೆ ಮುಗಿಸಲಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣು ಜೈವಿಕಭೌತ ವಿಭಾಗದಲ್ಲಿ ದೀಪಂಕರ್ ಚಟರ್ಜಿ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಪಿಪಿಜಿಪಿಪಿಯ ಬೆನ್ನು ಹತ್ತಿದರು. ಕ್ಷಯದ ಬ್ಯಾಕ್ಟೀರಿಯಾದ ಅಪಾಯವಿಲ್ಲದ ಸಂಬಂಧಿ ಮೈಕೊಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಹಸಿವಿನ ಪರಿಣಾಮಗಳನ್ನು ಬಿಡಿಸಿ ನೋಡಿದರು. ರೆಲ್ ರಚನೆ ಹೊರಬಂದ 2004ರಲ್ಲೇ ಚಟರ್ಜಿ ಮತ್ತು ಭಾರತದಲ್ಲಿ ಪ್ರೋಟೀನ್ ಸ್ಫಟಿಕಶಾಸ್ತ್ರಕ್ಕೆ ಬುನಾದಿ ಹಾಕಿದ ಎಂ. ವಿಜಯನ್ ಸೇರಿ, ಹಸಿದ ಕೋಶಗಳಲ್ಲಿ ಡಿಎನ್‌ಎಯನ್ನು ಕಾಪಾಡುವ ಡಿಪಿಎಸ್ ಎಂಬ ಪ್ರೋಟೀನಿನ ರಚನೆಯನ್ನು ಪ್ರಕಟಿಸಿದರು. ಹನ್ನೆರಡು ಘಟಕಗಳು ಸೇರಿ ಟೊಳ್ಳು ಗೋಳವಾಗಿರುವ ಅದು ಕಬ್ಬಿಣದ ಅಯಾನುಗಳನ್ನು ಉತ್ಕರ್ಷಿಸಿ ಒಳಗೆ ಕೂಡಿಡುವ ಕಿಣ್ವವೂ ಹೌದು.

ರೆಲ್ ರಚನೆಯ ಪ್ರತಿಯೊಂದು ಪರಮಾಣುವಿನ ಸ್ಥಾನವೂ 1ವಿಜೆ7 ಎಂಬ ಗುರುತಿನಡಿ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿದೆ. 1971ರಿಂದ ನಡೆಯುತ್ತಿರುವ ಆ ಭಂಡಾರ ಎಲ್ಲರಿಗೂ ಉಚಿತ. ಸಾಧಾರಣ ಕಂಪ್ಯೂಟರ್ ಸಾಕು. ನಮ್ಮ ಪದವಿ ಕಾಲೇಜುಗಳ ಜೀವಶಾಸ್ತ್ರ, ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ಕಿಣ್ವಗಳ ಪಾಠ ಮಾಡುವಾಗ ದಯವಿಟ್ಟು ಈ ಕಡತವನ್ನು ತರಗತಿಯಲ್ಲಿ ತೆರೆಯಿರಿ. ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಟ್ಟು, ಯಾವ ಸುರುಳಿ ಎಷ್ಟು ಸರಿದಿದೆ ಎಂದು ವಿದ್ಯಾರ್ಥಿಗಳೇ ಅಳೆದು ಹೇಳಲಿ.